ಕುಂಕುಮ ಹಿಡಿದ ಉಕ್ಕು

ಮುಂಬ್ರಾದಿಂದ ಬಂದ ಗುಜರಿಯವನು ಬಾಗಿಲ ಚೌಕಟ್ಟಿಗೆ ಕೊಕ್ಕೆಯ ತಕ್ಕಡಿ ನೇತುಹಾಕಿ ಒಂದೊಂದೇ ಸಾಮಾನು ತೂಗುತ್ತಿದ್ದ. ಕಬ್ಬಿಣದ ಮಂಚ ಹೋಯಿತು, ಮುಚ್ಚಳ ಸೊಟ್ಟಗಾದ ಟ್ರಂಕು ಹೋಯಿತು, ಸೀಮೆಎಣ್ಣೆಯ ಕಾಲದ ಸ್ಟವ್ ಹೋಯಿತು. ಜಲಜಾಕ್ಷಿ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಹೋಗುವುದಕ್ಕೆಲ್ಲ ತಲೆಯಾಡಿಸುತ್ತಿದ್ದಳು. ಮೂವತ್ತೊಂಬತ್ತು ವರ್ಷ ಸಂಸಾರ ಮಾಡಿದ ಮನೆ ಅದು. ಡೊಂಬಿವಲಿಯ ಆ ಮೂರು ಮಾಳಿಗೆಯ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗಿತ್ತು. ತಿಂಗಳ ಕೊನೆಯೊಳಗೆ ಬಿಲ್ಡರನ ಕೈಗೆ ಕೀಲಿಕೈ ಕೊಡಬೇಕು. ಹೊಸ ಕಟ್ಟಡ ಏಳುವ ತನಕ ಅವಳು ಕಾಮೋಠೆಯಲ್ಲಿ ಮಗ ಮನೀಶ ಮತ್ತು ಸೊಸೆ ಮಾನಸಿಯ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಇರುವುದೆಂದು ತೀರ್ಮಾನವಾಗಿತ್ತು. ಅಲ್ಲಿ ಅವಳ ಹಾಸಿಗೆಗೇ ಜಾಗ ಹುಡುಕಬೇಕು, ಸಾಮಾನಿಗೆ ಎಲ್ಲಿಂದ?

ಮಂಚ ಎತ್ತಿದ ಮೇಲೆ ಅದರಡಿಯ ಮೂಲೆಯಲ್ಲಿ ಒಂದು ಸಾಗುವಾನಿ ಪೆಟ್ಟಿಗೆ ಬಯಲಾಯಿತು. ನೋಡಲು ಸಣ್ಣದು. ಗುಜರಿಯವನು ಒಂದೇ ಕೈಯಲ್ಲಿ ಎತ್ತಲು ಹೋದ, ತೋಳು ಜಗ್ಗಿತು. ಅವನ ಕಣ್ಣು ಅರಳಿತು.

“ಮಾಂಜೀ, ಇಸ್ಮೇ ಲೋಹಾ ಹೈ. ಅಚ್ಛಾ ವಜನ್ ಹೈ.”

“ಏ! ಉಸ್ಕೋ ಹಾತ್ ನಹೀಂ ಲಗಾನೇಕಾ!”

ಅರವತ್ತೆಂಟು ವರ್ಷದ ಹೆಂಗಸಿನ ಗಂಟಲಿನಿಂದ ಅಂಥ ಸದ್ದು ಬಂದೀತೆಂದು ಅವನು ಎಣಿಸಿರಲಿಲ್ಲ. ಪೆಟ್ಟಿಗೆಯನ್ನು ಇದ್ದಲ್ಲೇ ಇಟ್ಟು ಮನೀಶನ ಮುಖ ನೋಡಿದ.

ಮನೀಶ ಕಿಟಕಿಯ ಬಳಿ ನಿಂತು ಟೆಂಪೊದವನಿಗೆ ಫೋನ್ ಹಚ್ಚುತ್ತಿದ್ದ. “ಅಮ್ಮಾ, ಜಾನೇ ದೋ ನಾ,” ಎಂದ. “ಪಪ್ಪನ ಚಾಕಲೇಟ್ ಡಬ್ಬಾ ಕಾಮೋಠೆಗೆ ಬೇಡ. ಪ್ಲೀಸ್. ಮಾನಸಿ ಈಗಾಗಲೇ ಬಾಲ್ಕನಿ ಖಾಲಿ ಮಾಡ್ತಾ ಇದ್ದಾಳೆ.”

“ಕೆಜಿ ಲೆಕ್ಕದಲ್ಲಿ ಕೊಡುವ ಸಾಮಾನಲ್ಲ ಅದು ಮನೀ. ತಿಳಿದವರು ಒಬ್ಬರು ಬಂದು ನೋಡಲಿ. ಅವರು ನೋಡಿ ಪ್ರಯೋಜನ ಇಲ್ಲ ಅಂದ್ರೆ ನಾನೇ ನನ್ನ ಕೈಯಾರೆ ತೂಗಿಸಿ ಕೊಡ್ತೇನೆ.”

“ಪಕ್ಕಾ?”

“ಪಕ್ಕಾ.”

ಈ ಚಾಕಲೇಟು ಎಂಬ ಮಾತು ಆ ಮನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಮುಳ್ಳಿನ ಹಾಗೆ ಉಳಿದುಕೊಂಡಿತ್ತು. ಜಲಜಾಕ್ಷಿಯ ಗಂಡ ಭುಜಂಗ ಶೆಟ್ಟಿಗಾರ್ ಬ್ರಹ್ಮಾವರದ ಕಡೆಯವನು. ಹದಿನೈದರ ಪ್ರಾಯದಲ್ಲಿ ಅವನನ್ನು ಊರಿನಿಂದ ಕರೆತಂದವನು ಅಣ್ಣ ವಸಂತಕುಮಾರ. ಕಲ್ಯಾಣ ಸ್ಟೇಶನ್ನಿನ ಎದುರು ಅವನ ಶಾಕಾಹಾರಿ ಹೋಟೆಲು ಆಗಲೇ ನಡೆಯುತ್ತಿತ್ತು. ತಮ್ಮನಿಗೆ ಮಾತ್ರ ಹೋಟೆಲಿನ ಗಲ್ಲೆಯ ಮೇಲೆ ಕುಳಿತರೆ ಮೈಗೆ ತುರಿಕೆ ಹತ್ತಿದಂತಾಗುತ್ತಿತ್ತು. ರಾತ್ರಿ ಶಾಲೆಯಲ್ಲಿ ನಾಲ್ಕು ಅಕ್ಷರ ಕಲಿತು, ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಂಪನಿಯಲ್ಲಿ ಕಸ ಗುಡಿಸುವ ಹೆಲ್ಪರನಾಗಿ ಸೇರಿದ. ಗುಡಿಸುತ್ತ ಗುಡಿಸುತ್ತ ಬೇರೆಯವರ ಕೈ ನೋಡಿದ. ನೋಡಿ ನೋಡಿ ಕಲಿತ. ಯಾವ ಸರ್ಟಿಫಿಕೇಟೂ ಇಲ್ಲದೆ, ಇಡೀ ಕಾರ್ಖಾನೆಯ ಅಳತೆಗಳನ್ನು ಪರೀಕ್ಷಿಸುವ ಕೋಣೆಗೆ ಮುಖ್ಯಸ್ಥನಾದ. ಹೊರಗೆ ಯಂತ್ರದ ಮೇಲೆ ಮಾಡಿದ ಸಾಮಾನು ಸರಿಯೋ ತಪ್ಪೋ ಎಂದು ಹೇಳಬೇಕಾದವನು ಅವನೇ.

ತೊಂಬತ್ತಾರರಲ್ಲಿ ಕಂಪನಿಗೆ ಬೀಗ ಬಿತ್ತು. ಕೊಡಬೇಕಾದ ಹಣ ಕೋರ್ಟಿನಿಂದ ಬಂದಾಗ ಬರಲಿ ಎಂದು ಕಾಯುವವರು ಕಾಯಬಹುದು, ಇಲ್ಲವಾದರೆ ಅದರ ಬದಲಿಗೆ ಒಳಗಿನ ಸಾಮಾನು ಆರಿಸಿಕೊಂಡು ಹೋಗಬಹುದು ಎಂದರು. ಒಬ್ಬ ಡ್ರಿಲ್ಲಿಂಗ್ ಯಂತ್ರ ಆರಿಸಿದ, ಇನ್ನೊಬ್ಬ ಮೋಟಾರು ಹೊತ್ತ. ಅತ್ತ ವಸಂತಕುಮಾರ, “ಹಣವನ್ನೇ ಹಟ ಹಿಡಿದು ತಗೋ. ಹೋಟೆಲು ದೊಡ್ಡದು ಮಾಡ್ತಿದ್ದೇನೆ, ನಿನ್ನನ್ನು ಪಾಲುದಾರ ಮಾಡ್ತೇನೆ,” ಎಂದು ಎರಡು ಸಲ ಹೇಳಿ ಕಳುಹಿಸಿದ. ಭುಜಂಗ ಯಾರ ಮಾತಿಗೂ ಕಿವಿಗೊಡಲಿಲ್ಲ. ಈ ಸಾಗುವಾನಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಠಾಣೆಯಿಂದ ಲೋಕಲ್ ಹಿಡಿದು ಮನೆಗೆ ಬಂದ.

ಒಳಗೆ ಸಾಲು ಸಾಲು ಗೂಡುಗಳಲ್ಲಿ ಎಂಬತ್ತೊಂದು ಉಕ್ಕಿನ ತುಂಡುಗಳಿದ್ದವು. ಒಂದು ದಪ್ಪ, ಇನ್ನೊಂದು ಅದಕ್ಕಿಂತ ಕೂದಲೆಳೆಯಷ್ಟು ತೆಳು, ಮತ್ತೊಂದು ಇನ್ನೂ ತೆಳು. ಸ್ಲಿಪ್ ಗೇಜ್ ಎಂದು ಅದರ ಹೆಸರು. ಅಳತೆ ಮಾಡುವ ಸಾಧನಗಳು ಸರಿ ಇವೆಯೋ ಎಂದು ಅಳೆಯುವ ಸಾಧನ. ಇಂಗ್ಲೆಂಡಿನಲ್ಲಿ ಮಾಡಿದ್ದು. ಅಣ್ಣ ಅದನ್ನು ನೋಡಲೆಂದೇ ಅಂದೇ ಸಂಜೆ ಕಲ್ಯಾಣದಿಂದ ಬಂದ. ಮುಚ್ಚಳ ತೆರೆದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. “ತಮ್ಮನ ಹದಿನೆಂಟು ವರ್ಷದ ದುಡಿತಕ್ಕೆ ಕಂಪನಿಯವರು ಕಬ್ಬಿಣದ ಚಾಕಲೇಟು ಕೊಟ್ಟಿದ್ದಾರೆ!” ಎಂದ. ಅಂದಿನಿಂದ ಮದುವೆ ಮುಂಜಿಯಲ್ಲಿ, ಸತ್ಯನಾರಾಯಣ ಪೂಜೆಯಲ್ಲಿ, ನಾಲ್ಕು ಜನ ಸೇರಿದಲ್ಲೆಲ್ಲ ಆ ಚಾಕಲೇಟು ಹಂಚಿಕೆಯಾಯಿತು. ಮನೀಶ ಆಗ ಹನ್ನೊಂದರ ಹುಡುಗ. ದೊಡ್ಡಪ್ಪನ ಮಕ್ಕಳು ಅವನನ್ನು ‘ಚಾಕಲೇಟ್’ ಎಂದೇ ಕರೆದರು. ಮುಂದೆ ಅವನಿಗೆ ಇಂಜಿನಿಯರಿಂಗ್ ಓದಬೇಕೆಂದಿತ್ತು, ಫೀಸು ಒದಗಲಿಲ್ಲ, ಬಿ.ಕಾಂ. ಮಾಡಿ ನವಿ ಮುಂಬೈಯ ಒಂದು ಆಫೀಸಿನಲ್ಲಿ ಕುಳಿತ. ಅಪ್ಪ ಪಾಲುದಾರನಾಗಿದ್ದರೆ ಹೀಗಾಗುತ್ತಿರಲಿಲ್ಲ ಎಂಬುದು ಅವನ ಹೊಟ್ಟೆಯೊಳಗೆ ಉಳಿಯಿತು. ಬಾಯಿಬಿಟ್ಟು ಹೇಳಲಿಲ್ಲ. ಅಪ್ಪನ ಜೊತೆ ಮಾತೇ ಕಡಿಮೆ ಮಾಡಿದ.

ಜಲಜಾಕ್ಷಿಗೆ ಆ ಪೆಟ್ಟಿಗೆ ಮನೆಗೆ ಬಂದ ದಿನದ ಸಂಜೆ ಮರೆತಿರಲಿಲ್ಲ. ಅಣ್ಣ ನಗುತ್ತ ಹೊರಟು ಹೋದ ಮೇಲೆ ಅವಳ ಮುಖ ಸಪ್ಪಗಾದದ್ದನ್ನು ಕಂಡು, ಭುಜಂಗ ಪೆಟ್ಟಿಗೆಯನ್ನು ಅಡುಗೆಮನೆಗೆ ತಂದ. ಮೆತ್ತನೆಯ ಚರ್ಮದ ತುಂಡಿನಿಂದ ಎರಡು ತುಂಡುಗಳನ್ನು ಒರೆಸಿದ. ಒಂದರ ಮೇಲೊಂದಿಟ್ಟು ಮೆಲ್ಲನೆ ಜಾರಿಸಿ ತಿರುವಿದ. ಮೇಲಿನದನ್ನು ಮಾತ್ರ ಹಿಡಿದು ಎತ್ತಿದ. ಕೆಳಗಿನದು ಅದಕ್ಕೆ ಕಚ್ಚಿಕೊಂಡು ನೇತಾಡುತ್ತಿತ್ತು!

“ಗೋಂದು ಹಾಕಿದ್ರಾ?” ಎಂದು ಅವಳು ಕೇಳಿದಳು.

“ಗೋಂದು ಇಲ್ಲ, ಮ್ಯಾಗ್ನೆಟ್ಟೂ ಇಲ್ಲ. ಎರಡೂ ಮುಖ ಸಾಚಾ ಇದ್ರೆ ಹಾಗೆ ಹಿಡಿದುಕೊಳ್ತವೆ. ಒಂದು ಸುಳ್ಳಿದ್ರೂ ಬಿದ್ದು ಹೋಗ್ತವೆ.” ಕನ್ನಡಿಯ ಹಾಗೆ ಹೊಳೆಯುವ ಒಂದು ಬದಿಯನ್ನು ಅವಳ ಕಣ್ಣೆದುರು ಹಿಡಿದ. “ಇದು ಇದರ ಮುಖ. ಇದರ ಜೀವ ಇರುವುದೆಲ್ಲ ಈ ಮುಖದಲ್ಲೇ.”

ಅದರಲ್ಲಿ ಅವಳ ಹಣೆಯ ಕುಂಕುಮ ಕಂಡಿತು.

ಮುಂದಿನ ಇಪ್ಪತ್ತು ವರ್ಷ ಆ ಪೆಟ್ಟಿಗೆಯೇ ಅವರ ಗಂಜಿಗೆ ದಾರಿಯಾಯಿತು. ಡೊಂಬಿವಲಿಯ ಸಣ್ಣ ಪುಟ್ಟ ಕಾರ್ಖಾನೆಗಳವರು ತಮ್ಮ ಮೈಕ್ರೋಮೀಟರುಗಳನ್ನು ತಂದು ಅವನ ಹತ್ತಿರ ತಾಳೆ ನೋಡಿಸುತ್ತಿದ್ದರು. ಬಂಗಲೆ ಕಟ್ಟುವ ಸಂಪಾದನೆ ಅಲ್ಲ; ಅನ್ನಕ್ಕೆ ಕೊರತೆಯಾಗಲಿಲ್ಲ. ಕೀಲಿಕೈ ಸದಾ ಅವನ ಜನಿವಾರದಲ್ಲಿ. ಪೆಟ್ಟಿಗೆಯನ್ನು ತೆರೆಯುವುದೂ ಮುಚ್ಚುವುದೂ ಅವನೊಬ್ಬನೇ. ಆದ್ದರಿಂದ ‘ಹೀಗೆ ಮಾಡು, ಹೀಗೆ ಮಾಡಬೇಡ’ ಎಂದು ಹೆಂಡತಿಗೆ ಹೇಳುವ ಪ್ರಸಂಗವೇ ಬರಲಿಲ್ಲ. ಕೊನೆಗೆ ಆಸ್ಪತ್ರೆಯ ಮಂಚದ ಮೇಲೆ ಅವಳ ಅಂಗೈಗೆ ಕೀಲಿಕೈ ಹಾಕಿ ಹೇಳಿದ್ದು ಇಷ್ಟೇ: “ಜಲಜಾ, ಇದನ್ನು ತಿಳಿದವನ ಕೈಗೇ ಕೊಡು. ತೆರೆದ ಕೂಡಲೇ ಅವನೇ ಹೇಳ್ತಾನೆ, ನಾನು ಪೆದ್ದನೋ ಅಲ್ಲವೋ ಅಂತ. ಮನೀ ಹತ್ತಿರ ಇರಲಿ ಆಗ.”

ಅವನು ಹೋದ ವರ್ಷ ಖಂಡೇನವಮಿ ಬಂತು. ಭುಜಂಗ ಇದ್ದಾಗ ಆ ದಿನ ಸುತ್ತಿಗೆಗೆ, ವೈಸಿಗೆ, ಅರಗಳಿಗೆ ಗಂಧ ಕುಂಕುಮ ಹಚ್ಚುತ್ತಿದ್ದ. ಈ ಪೆಟ್ಟಿಗೆಗೆ ಮಾತ್ರ ಮುಚ್ಚಳದ ಮೇಲೆ, ಹೊರಗಿನಿಂದ, ಒಂದೇ ಬೊಟ್ಟು. ಜಲಜಾಕ್ಷಿಗೆ ಅದು ಎಂದೂ ಸಾಕೆನಿಸಿರಲಿಲ್ಲ. ಮನೆಗೆ ಅನ್ನ ಕೊಟ್ಟ ದೇವರನ್ನು ಬಾಗಿಲ ಹೊರಗೆ ನಿಂತು ನೋಡಿ ಬಂದಂತೆ ಅನಿಸುತ್ತಿತ್ತು. ಈಗ ಕೀಲಿಕೈ ಅವಳಲ್ಲೇ ಇತ್ತು. ತಲೆಗೆ ಮಿಂದು ಪೆಟ್ಟಿಗೆ ತೆರೆದಳು. ತುಂಡುಗಳ ಮೇಲೆಲ್ಲ ಏನೋ ಜಿಡ್ಡು. ಅದರ ಮೇಲೆ ಗಂಧ ನಿಲ್ಲಲಿಲ್ಲ. ಹಳೆ ಸೀರೆಯ ಬಟ್ಟೆಯಿಂದ ಒಂದೊಂದನ್ನೂ ತಿಕ್ಕಿ ಒರೆಸಿದಳು. ಬಳಿಕ ಎಂಬತ್ತೊಂದಕ್ಕೂ, ಜೀವ ಇರುವುದೆಲ್ಲಿ ಎಂದು ಅವನು ಹೇಳಿದ್ದನೋ ಅಲ್ಲಿಯೇ, ಆ ಮುಖದ ನಟ್ಟನಡುವೆ, ಉಂಗುರದ ಬೆರಳಿನಿಂದ ಗಂಧವಿಟ್ಟು ಅದರ ಮೇಲೆ ಕುಂಕುಮ ಇಟ್ಟಳು. ಮರುದಿನ ಒದ್ದೆ ಬಟ್ಟೆಯಲ್ಲಿ ಒರೆಸಿ ಒಳಗಿಟ್ಟಳು.

ಎಂಟು ನವಮಿ ಹೀಗೇ ನಡೆಯಿತು. ಹಣೆಗೆ ಇಟ್ಟುಕೊಳ್ಳುವುದು ನಿಂತ ಮೇಲೆ ಅವಳ ಬೆರಳಿಗೆ ಕುಂಕುಮ ತಾಗುತ್ತಿದ್ದುದು ವರ್ಷಕ್ಕೆ ಅದೊಂದೇ ದಿನ. ಮೂರನೆಯ ವರ್ಷದಿಂದ, ಒರೆಸಿದರೂ ಮುಖದ ನಡುವೆ ಸಣ್ಣ ಕೆಂಪು ಗುರುತು ಉಳಿಯತೊಡಗಿತು. ಅವಳಿಗೆ ಸಂತೋಷವೇ ಆಯಿತು. ಕುಂಕುಮ ಹಿಡಿದಿದೆ, ಪೂಜೆ ಸಂದಿದೆ ಎಂದುಕೊಂಡಳು.

ಭಜನಾ ಮಂಡಳಿಯವರೊಬ್ಬರು ಕೊಟ್ಟ ನಂಬರಿನಿಂದ ಸಿಕ್ಕಿದವರು ಲೋಕನಾಥ ಸುವರ್ಣರು. ಕಾರ್ಕಳದ ಕಡೆಯವರು, ಎಪ್ಪತ್ತು ದಾಟಿತ್ತು. ಕಲ್ಯಾಣದ ಹಳೆ ಪೇಟೆಯ ಒಂದು ಗಲ್ಲಿಯಲ್ಲಿ, ಹಳೆಯ ಅಳತೆಯ ಸಾಧನಗಳನ್ನು ಕೊಂಡು, ಸರಿಪಡಿಸಿ, ಬೇಕಾದವರಿಗೆ ಮಾರುವ ಅಂಗಡಿ. ತೀರಿಹೋದ ಅಪ್ಪಂದಿರ ಪೆಟ್ಟಿಗೆ ಹೊತ್ತುಕೊಂಡು ಮಕ್ಕಳು ಅವರಲ್ಲಿಗೇ ಹೋಗುತ್ತಿದ್ದರು. ಸುಳ್ಳು ಬೆಲೆ ಹೇಳುವವರಲ್ಲ ಎಂದು ಹೆಸರಿತ್ತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದರು. ಕೈ ತೊಳೆದು, ಬೆರಳ ಸಂದಿಯೂ ಒಣಗುವ ತನಕ ಒರೆಸಿಕೊಂಡು, ಚೀಲದಿಂದ ಬಿಳಿಯ ಹತ್ತಿಯ ಕೈಗವಸು ತೆಗೆದು ತೊಟ್ಟರು. ಮನೀಶ ಮೂಲೆಯಲ್ಲಿ ಫೋನು ನೋಡುತ್ತ ಕುಳಿತಿದ್ದ.

ಮೊದಲು ಪೆಟ್ಟಿಗೆಯ ಹೊರಗಿದ್ದ ಭುಜಂಗನ ಕೆಲಸದ ಸಾಮಾನುಗಳನ್ನು ನೋಡಿದರು. ಅವುಗಳಲ್ಲಿ ಜಿಡ್ಡುಕಾಗದದಲ್ಲಿ ಸುತ್ತಿಟ್ಟ, ಮೂಲೆ ನೇರವಿದೆಯೋ ಎಂದು ನೋಡುವ ಒಂದು ಸಣ್ಣ ಮೂಲೆಮಟ್ಟ ಇತ್ತು. ಆ ಸುತ್ತನ್ನು ಜಲಜಾಕ್ಷಿ ಎಂದೂ ಬಿಚ್ಚಿರಲಿಲ್ಲ. ಲೋಕನಾಥರು ಅದನ್ನು ಒಂದು ಉಕ್ಕಿನ ತುಂಡಿಗೆ ಒತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಹುಬ್ಬು ಮೇಲೇರಿತು.

“ಅಯ್ಯೋ ಮಾರಾಯ್ರೆ! ನಡುವೆ ಬೆಳಕು ಸಹ ನುಸುಳುವುದಿಲ್ಲ. ಜಲಜಕ್ಕ, ಇದು ಅಂಗಡಿಯಲ್ಲಿ ತಗೊಂಡದ್ದಲ್ಲ. ಶೆಟ್ಟಿಗಾರರು ಕೈಯಲ್ಲೇ ಉಜ್ಜಿ ಮಾಡಿದ್ದು. ಎಂಥ ಕೈ ಅದು!”

ಮನೀಶ ಫೋನಿನಿಂದ ತಲೆ ಎತ್ತಿದ. ಜಲಜಾಕ್ಷಿಗೆ ಅಷ್ಟೇ ಸಾಕಾಯಿತು. ಒಳಗೆ ಹೋಗಿ ಚಹಾಕ್ಕೆ ಇಟ್ಟಿದ್ದ ನೀರಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು. ಸೆರಗಿನ ತುದಿಯ ಗಂಟಿನಿಂದ ಕೀಲಿಕೈ ಬಿಚ್ಚಿ ತಂದಳು.

“ಇನ್ನು ಪೆಟ್ಟಿಗೆ ನೋಡಿ ಲೋಕಣ್ಣ. ಇವರ ಪ್ರಾಣ ಅದು.”

ಬೀಗ ತೆಗೆದು ಮುಚ್ಚಳ ಎತ್ತುವಾಗ ಲೋಕನಾಥರ ಮುಖದಲ್ಲಿ ಮಗುವಿನ ಕಳೆ ಇತ್ತು. ಎತ್ತಿದ ಮೇಲೆ ಅದು ಹಾಗೇ ನಿಂತು ಹೋಯಿತು. ಒಂದು ತುಂಡು ತೆಗೆದು ಭೂತಗನ್ನಡಿ ಹಿಡಿದರು. ಇನ್ನೊಂದು ತೆಗೆದರು. ಮತ್ತೊಂದು. ಚರ್ಮದಿಂದ ಒರೆಸಿ ಎರಡನ್ನು ಒಂದರ ಮೇಲೊಂದಿಟ್ಟು ಜಾರಿಸಿ ತಿರುವಿ, ಮೇಲಿನದನ್ನು ಹಿಡಿದು ಎತ್ತಿದರು. ಕೆಳಗಿನದು ಟಣ್ ಎಂದು ನೆಲದ ಮೇಲೆ ಬಿತ್ತು. ಬೇರೆ ಎರಡನ್ನು ತಿರುವಿದರು. ಟಣ್.

“ಇದನ್ನು ಯಾರು ತೆರೀತಾ ಇದ್ರು ಅಕ್ಕ?”

“ನಾನೇ. ಇವರು ಹೋದ ಮೇಲೆ ಪ್ರತಿ ನವಮಿಗೆ ಒಳಗಿನ ಒಂದೊಂದಕ್ಕೂ ಗಂಧ ಕುಂಕುಮ ಆಗ್ತದೆ. ಒಂದು ವರ್ಷವೂ ಬಿಟ್ಟದ್ದಿಲ್ಲ.” ಅವಳ ದನಿಯಲ್ಲಿ ಹೆಮ್ಮೆಯಿತ್ತು.

ಲೋಕನಾಥರು ಅವಳ ಬರಿ ಹಣೆಯನ್ನು ನೋಡಿದರು. ಕೈಯಲ್ಲಿದ್ದ ಉಕ್ಕನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದವರು ಅದನ್ನು ನುಂಗಿಕೊಂಡು, ತುಂಡುಗಳನ್ನು ಅವುಗಳ ಗೂಡಿಗೆ ಸೇರಿಸಿ ಮುಚ್ಚಳ ಮುಚ್ಚಿದರು.

“ಇದು… ಕಂಪನಿಯವರು ಸವೆದ ಸೆಟ್ ದಾಟಿಸಿದ್ದು ಅಕ್ಕ. ಕೊಡುವಾಗಲೇ ಇದರ ಮುಖ ಹೋಗಿತ್ತು ಅನಿಸ್ತದೆ. ಶೆಟ್ಟಿಗಾರರಿಗೆ ಪಾಪ ಗೊತ್ತಾಗಲಿಲ್ಲ. ಉಳಿದ ಸಾಮಾನು ನಾನು ತಗೊಳ್ತೇನೆ, ಒಳ್ಳೆ ಬೆಲೆಗೇ ತಗೊಳ್ತೇನೆ. ಇದು ಬೇಡ.”

ಚಹಾ ತಣ್ಣಗಾಯಿತು.

ಮನೀಶ ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಬೈಯಲಾದರೂ ಆಗುತ್ತಿತ್ತು. “ಛೋಡೋ ಅಮ್ಮಾ,” ಎಂದ ಮೆಲ್ಲಗೆ. “ದೊಡ್ಡಪ್ಪ ಹೇಳಿದ್ದೇ ಕರೆಕ್ಟ್. ಪಪ್ಪಾ ಕೋ ಉಲ್ಲೂ ಬನಾಯಾ. ಗುಜರಿಯವನು ಗುರುವಾರ ಬರ್ತಾನೆ, ಕೊಟ್ಟುಬಿಡು.” ಲೋಕನಾಥರನ್ನು ಸ್ಟೇಶನ್ನಿಗೆ ಬಿಡಲು ಅವರ ಜೊತೆಯೇ ಹೊರಟು, ಹಾಗೇ ಕಾಮೋಠೆಗೆ ಹೋದ.

ಖಾಲಿ ಮನೆಯಲ್ಲಿ ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಹಾಸಿಕೊಂಡು ಬಿದ್ದಿತ್ತು. ಜಲಜಾಕ್ಷಿ ಊಟ ಮಾಡಲಿಲ್ಲ. ಪೆಟ್ಟಿಗೆಯ ಮುಂದೆ ಕುಳಿತು, ಸತ್ತವನೊಡನೆ ಜಗಳಕ್ಕೇ ನಿಂತಳು. ತಿಳಿದವನು ಹೇಳ್ತಾನೆ ಅಂದಿರಲ್ಲ, ಹೇಳಿದ. ಮನೀ ಹತ್ತಿರ ಇರಲಿ ಅಂದಿರಿ, ಅವನೂ ಇದ್ದ. ಇನ್ನೇನು ಬೇಕಿತ್ತು ನಿಮಗೆ?

ಮುಚ್ಚಳ ತೆರೆದಳು. ಲೋಕನಾಥರು ಮಾಡಿದಂತೆಯೇ ಎರಡು ತುಂಡು ತೆಗೆದು ಜಾರಿಸಿ ನೋಡಿದಳು. ಅವು ಹಿಡಿಯಲಿಲ್ಲ, ನಡುವೆ ಏನೋ ಕರಕರ ಎಂದಿತು. ಆಗ ಅವಳ ಕೈ ನಿಂತಿತು.

ಅಂದು ಹಿಡಿದಿದ್ದವಲ್ಲ!

ಈ ಅಡುಗೆಮನೆಯಲ್ಲೇ. ಕಂಪನಿಯಿಂದ ಬಂದ ದಿನವೇ. ಒಂದಕ್ಕೊಂದು ಕಚ್ಚಿಕೊಂಡು ನೇತಾಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಒಂದು ಸುಳ್ಳಿದ್ದರೂ ಬಿದ್ದು ಹೋಗ್ತವೆ ಎಂದಿದ್ದ ಅವನು. ಬಿದ್ದಿರಲಿಲ್ಲ. ಹಾಗಾದರೆ ಮುಖ ಹೋದದ್ದು ಕಂಪನಿಯಲ್ಲಿ ಅಲ್ಲ. ಈ ಮನೆಯಲ್ಲಿ.

ಕಿಟಕಿಯ ಬಳಿ ಒಯ್ದು ಮುಖ ನೋಡಿದಳು. ನಟ್ಟನಡುವೆ ಕೆಂಪು ಗುರುತು, ಉಗುರಿನಿಂದ ಸವರಿದರೆ ಸಣ್ಣ ಗುಂಡಿ. ಇನ್ನೊಂದರಲ್ಲೂ ಅಲ್ಲಿಯೇ. ಮತ್ತೊಂದರಲ್ಲೂ ಅಲ್ಲಿಯೇ. ಉಂಗುರದ ಬೆರಳನ್ನು ಅದರ ಮೇಲೆ ಇಟ್ಟಳು. ಸರಿಯಾಗಿ ಕೂತಿತು. ಆದರೂ ಬಿಡದೆ ಎಂಬತ್ತೊಂದನ್ನೂ ತೆಗೆದು, ಒಂದೊಂದರ ಮೇಲೂ ಬೆರಳಿಟ್ಟು ನೋಡಿದಳು. ಎಲ್ಲಾದರೂ ಒಂದು ತಪ್ಪಿರಬಹುದು ಎಂಬ ಆಸೆ. ಅವಳ ಕೈ ಒಂದನ್ನೂ ತಪ್ಪಿರಲಿಲ್ಲ.

ಸೋಮವಾರ ಪೆಟ್ಟಿಗೆಯನ್ನು ಬಟ್ಟೆಯ ಚೀಲದಲ್ಲಿ ಹಾಕಿ, ಮಧ್ಯಾಹ್ನದ ಲೋಕಲಿನಲ್ಲಿ ಕಲ್ಯಾಣಕ್ಕೆ ಹೋದಳು. ಎರಡೇ ಸ್ಟೇಶನ್ನಿನ ದಾರಿ. ಯಾರೋ ಹುಡುಗಿ, “ಆಂಟಿ, ಚೀಲ ಮೇಲಿಡ್ಲಾ?” ಎಂದು ಕೇಳಿದಳು. ಬೇಡ ಎಂದು ಮಡಿಲಲ್ಲೇ ಇಟ್ಟುಕೊಂಡಳು. ಅಂದು ಅವನೂ ಹಾಗೇ ತಂದಿದ್ದ.

ಲೋಕನಾಥರು ಅಂಗಡಿಯೊಳಗೆ ಯಾವುದೋ ಮೈಕ್ರೋಮೀಟರು ಬಿಚ್ಚಿಕೊಂಡು ಕುಳಿತಿದ್ದರು. ಅವಳನ್ನು ಕಂಡದ್ದೇ ಕನ್ನಡಕ ತೆಗೆದರು.

“ಬನ್ನಿ ಅಕ್ಕ, ಕೂತುಕೊಳ್ಳಿ. ಬಿಸಿಲಿಗೆ ಯಾಕೆ ಬರ್ಲಿಕ್ಕೆ ಹೋದ್ರಿ? ನೀರು ಕುಡೀರಿ.”

“ನೀರು ಆಮೇಲೆ. ನೀವು ಸುಳ್ಳು ಹೇಳುವುದಿಲ್ಲ ಅಂತ ಹೆಸರುಂಟು. ನಿನ್ನೆ ಯಾಕೆ ಹೇಳಿದ್ರಿ?”

“ಎಂತದು ಅಕ್ಕ ನೀವು…”

“ಇವು ಹಿಡೀತಾ ಇದ್ವು. ಕಂಪನಿಯಿಂದ ತಂದ ದಿನವೇ ನನಗೆ ತೋರಿಸಿದ್ರು ಅವರು. ಸವೆದ ಮುಖ ಹಾಗೆ ಹಿಡೀತದಾ ಲೋಕಣ್ಣ?”

ಲೋಕನಾಥರು ಮೈಕ್ರೋಮೀಟರನ್ನು ಪಕ್ಕಕ್ಕೆ ಸರಿಸಿದರು. “ಇಲ್ಲ.”

“ಹಾಗಾದ್ರೆ ಕುಂಕುಮವಾ?”

ಹೊರಗೆ ರಿಕ್ಷಾದವನೊಬ್ಬ ಹಾರ್ನು ಒತ್ತಿ ಒತ್ತಿ ಗಲ್ಲಿಯಿಂದ ಪಾರಾಗುವ ತನಕ ಲೋಕನಾಥರು ಕಾದರು.

“ಕುಂಕುಮ ಒಂದೇ ಅಲ್ಲ ಅಕ್ಕ. ಗಂಧದ ನೀರು ಉಂಟಲ್ಲ, ಅದು. ಮೇಲಿಂದ ಈ ಕಡೆಯ ಹವೆ. ನೀವು ಜಿಡ್ಡು ಒರೆಸಿದ್ರಾ?”

“ಗಂಧ ನಿಲ್ತಿರಲಿಲ್ಲ.”

“ಆ ಜಿಡ್ಡೇ ಅವಕ್ಕೆ ಕಂಬಳಿ. ನಮ್ಮಂಥವರು ಅವುಗಳ ಮುಖಕ್ಕೆ ಬರಿಗೈ ಸಹ ಮುಟ್ಟಿಸುವುದಿಲ್ಲ. ಬೆರಳಿನ ಬೆವರಿಗೇ ತುಕ್ಕು ಹಿಡೀತದೆ.”

“ಇದರ ಜೀವ ಇರುವುದು ಮುಖದಲ್ಲಿ ಅಂತ ಅವರೇ ಹೇಳಿದ್ರು. ಅದಕ್ಕೇ ಅಲ್ಲಿ ಇಟ್ಟೆ.” ಅವಳ ದನಿ ಇಳಿಯಿತು. “ಕುಂಕುಮ ಮತ್ತೆ ಎಲ್ಲಿ ಇಡುವುದು, ಮುಖಕ್ಕಲ್ಲದೆ?”

ಲೋಕನಾಥರು ನೆಲ ನೋಡುತ್ತ ಕುಳಿತರು.

“ಸರಿ ಇದ್ದಿದ್ರೆ?” ಎಂದು ಅವಳು ಕೇಳಿದಳು. “ನಾನು ಮುಟ್ಟದೆ ಇದ್ದಿದ್ರೆ?”

“ಯಾಕೆ ಅಕ್ಕ ಈಗ ಅದು.”

“ನನಗೆ ಬೇಕು. ಹೇಳಿ.”

“ಸರಿ ಇದ್ದಿದ್ರೆ ನಾನು ನಿನ್ನೆ ಕೈಮುಗಿದು ತಗೊಳ್ತಿದ್ದೆ. ಬೆಲೆ ನೀವು ಹೇಳಿದ್ದೇ. ಪುಣೆಯ ಒಬ್ಬರು ಇಂಥ ಪೂರ್ತಿ ಸೆಟ್ಟಿಗೆ ಎರಡು ವರ್ಷದಿಂದ ಕಾಯ್ತಾ ಇದ್ದಾರೆ.” ಅವರು ತಲೆ ಎತ್ತಿದರು. “ಇಡೀ ಕಾರ್ಖಾನೆಯಲ್ಲಿ ಮೋಟಾರು ಬಿಟ್ಟು, ಯಂತ್ರ ಬಿಟ್ಟು ಇದನ್ನೇ ಆರಿಸಿದ್ರು ಅಂದ್ರೆ, ಅಲ್ಲಿ ಕಣ್ಣು ಇದ್ದದ್ದು ಶೆಟ್ಟಿಗಾರರಿಗೊಬ್ಬರಿಗೇ.”

ಜಲಜಾಕ್ಷಿ ಸೆರಗಿನಿಂದ ಬಾಯಿ ಒತ್ತಿ ಹಿಡಿದಳು. ಇಪ್ಪತ್ತೆಂಟು ವರ್ಷ ಯಾರಾದರೂ ಹೇಳಲಿ ಎಂದು ಕಾದ ಮಾತು ಬಂದಿತ್ತು. ಬರುವಾಗ ಒಂಟಿಯಾಗಿ ಬರಲಿಲ್ಲ.

“ನಿನ್ನೆ ಇದನ್ನೇ ಹೇಳಬಹುದಿತ್ತಲ್ಲ?”

“ಯಾರಾದರೂ ಒಬ್ಬರ ತಲೆಗೆ ಕಟ್ಟಬೇಕಿತ್ತು ಅಕ್ಕ. ನೀವು ಅಷ್ಟು ಹೆಮ್ಮೆಯಿಂದ, ಒಂದು ವರ್ಷವೂ ಬಿಟ್ಟದ್ದಿಲ್ಲ ಅಂದ್ರಿ. ನಿಮ್ಮ ಕೈಯೇ ಹಾಳು ಮಾಡಿದ್ದು ಅಂತ ಮಗನೆದುರು ಯಾವ ಬಾಯಲ್ಲಿ ಹೇಳಲಿ? ಹೋದವರಿಗೆ ನೋವಾಗುವುದಿಲ್ಲ ಅಂತ…”

“ಹೋದವರಿಗೆ ಆಗುವುದಿಲ್ಲ. ಆದ್ರೆ ನಿಮ್ಮ ಬಾಯಿಂದ ನನ್ನ ಮಗ, ಅಪ್ಪ ಪೆದ್ದ ಅಂತ ಕೇಳಿದ. ಇನ್ನು ಸಾಯುವ ತನಕ ಅದೇ ನಂಬ್ತಾನೆ.” ಚೀಲದಿಂದ ಫೋನು ತೆಗೆದು ಅವರ ಮುಂದಿಟ್ಟಳು. “ಅವನಿಗೆ ಫೋನ್ ಮಾಡಿ. ಈಗ ನನಗೆ ಹೇಳಿದ್ದನ್ನೇ ಹೇಳಿ. ಒಂದು ಅಕ್ಷರ ಬಿಡಬೇಡಿ. ನನ್ನ ಹೆಸರು ಸಹ ಬಿಡಬೇಡಿ.”

“ಜಲಜಕ್ಕ, ಬೇಡ. ಯೋಚನೆ ಮಾಡಿ.”

“ಮಾಡಿಯೇ ಬಂದದ್ದು.”

ಲೋಕನಾಥರು ಫೋನನ್ನು ಸ್ಪೀಕರಿಗೆ ಹಾಕಿದರು. ಮನೀಶ ಆಫೀಸಿನಲ್ಲಿದ್ದ, ಹಿಂದಿನಿಂದ ಯಾರೋ ಮರಾಠಿಯಲ್ಲಿ ಜೋರಾಗಿ ಮಾತಾಡುವುದು ಕೇಳುತ್ತಿತ್ತು. ಲೋಕನಾಥರು ಎಲ್ಲವನ್ನೂ ಹೇಳಿದರು. ನಿನ್ನೆ ತಾನು ಹೇಳಿದ್ದು ಸುಳ್ಳು ಎಂಬುದರಿಂದ ಮೊದಲುಮಾಡಿ, ಜಿಡ್ಡು, ಗಂಧ, ಎಂಟು ನವಮಿ, ಯಾವುದನ್ನೂ ಬಿಡಲಿಲ್ಲ. ಹೇಳಿ ಮುಗಿಸಿದ ಮೇಲೆ ಅತ್ತ ಕಡೆ ಮರಾಠಿಯ ಮಾತೂ ದೂರವಾಯಿತು. ಅವನು ಎದ್ದು ಹೊರಗೆ ಬಂದಿರಬೇಕು.

“ಮತ್ಲಬ್… ಪಪ್ಪಾ ಸಹೀ ಥೇ?”

“ಸರಿ ಇದ್ರು ಮಗ. ನೂರಕ್ಕೆ ನೂರು ಸರಿ ಇದ್ರು.”

“ಔರ್ ಯೇ ಸಬ್… ಅಮ್ಮಾ?”

“ಹೌದು ಮನೀ,” ಎಂದಳು ಜಲಜಾಕ್ಷಿ ಫೋನಿನ ಕಡೆ ಬಗ್ಗಿ. “ನಾನೇ.”

ಫೋನು ಕಟ್ ಆಯಿತು. ಲೋಕನಾಥರು ನೀರಿನ ಲೋಟವನ್ನು ಮತ್ತೆ ಅವಳ ಕಡೆ ಸರಿಸಿದರು. ಈ ಸಲ ಅವಳು ಕುಡಿದಳು. ಹೊರಡುವಾಗ ಅವರು, ತುಂಡುಗಳು ಹೋದರೂ ಸಾಗುವಾನಿ ಪೆಟ್ಟಿಗೆಗೆ ಗಿರಾಕಿ ಇದ್ದಾರೆ, ಬರಿ ಪೆಟ್ಟಿಗೆಯನ್ನಾದರೂ ಕೊಡುತ್ತೀರಾ ಎಂದು ಕೇಳಿದರು. “ಬೇಡ ಲೋಕಣ್ಣ,” ಎಂದಳು. “ಒಳಗಿನವು ಎಲ್ಲಿಗೆ ಹೋಗಬೇಕು ಮತ್ತೆ?”

ಗುರುವಾರ ಮನೀಶ ಟೆಂಪೊ ತಂದ. ಗುಜರಿಯವನೂ ಬಂದು ನಿಂತ. ಕೊಟ್ಟ ಮಾತಿನಂತೆ ಜಲಜಾಕ್ಷಿ ಪೆಟ್ಟಿಗೆಯನ್ನು ಬಾಗಿಲಿಗೆ ತಂದಿಟ್ಟಿದ್ದಳು. ಪ್ರಯೋಜನ ಇಲ್ಲವೆಂದು ತಿಳಿದವರು ಹೇಳಿಯಾಗಿತ್ತಲ್ಲ. ಗುಜರಿಯವನು ಕೊಕ್ಕೆ ಚಾಚಿದ. ಮನೀಶ ಅದನ್ನು ತಡೆದು, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಟೆಂಪೊದ ಹಿಂದೆ ಹಾಕಲಿಲ್ಲ. ಡ್ರೈವರನ ಪಕ್ಕ ಕುಳಿತು, ಕಾಮೋಠೆಯ ತನಕ ತೊಡೆಯ ಮೇಲೇ ಇಟ್ಟುಕೊಂಡ. ತಾಯಿ ಪಕ್ಕದಲ್ಲಿದ್ದಳು. ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಗಾಡಿ ನಿಂತಾಗ, ಎದುರಿನ ಲಾರಿಯನ್ನೇ ನೋಡುತ್ತ, “ಯಾರನ್ನಾದ್ರೂ ಒಮ್ಮೆ ಕೇಳಬಾರ್ದಿತ್ತಾ ಅಮ್ಮ?” ಎಂದ. ಅವನು ಪೂರ್ತಿ ಕನ್ನಡದಲ್ಲಿ ಮಾತಾಡಿದ್ದನ್ನು ಅವಳು ಎಷ್ಟೋ ವರ್ಷದ ಮೇಲೆ ಕೇಳಿದಳು.

ಕಾಮೋಠೆಯಲ್ಲಿ ಪೆಟ್ಟಿಗೆ ಟಿ.ವಿ.ಯ ಕೆಳಗೆ ಕುಳಿತಿತು. ಮೂಲೆಮಟ್ಟವನ್ನು ಮನೀಶ ಲೋಕನಾಥರಿಂದ ಮರಳಿ ಕೇಳಿ ತಂದು ಅದರ ಪಕ್ಕದಲ್ಲಿಟ್ಟ. ಮನೆಗೆ ಬಂದವರಿಗೆ ಅದನ್ನು ಬೆಳಕಿಗೆ ಹಿಡಿದು ತೋರಿಸುತ್ತಿದ್ದ: “ಪಪ್ಪಾ ಕೈಯಲ್ಲಿ ಮಾಡಿದ್ದು.” ಅವರು ಪೆಟ್ಟಿಗೆಯಲ್ಲಿ ಏನೆಂದು ಕೇಳಿದರೆ ಅದರ ಕಥೆಯನ್ನೂ ಹೇಳುತ್ತಿದ್ದ. ಕಥೆಯ ಕೊನೆಗೆ ಬರುವಾಗ ಜಲಜಾಕ್ಷಿ ಯಾವುದಾದರೊಂದು ನೆಪ ಮಾಡಿ ಅಡುಗೆಮನೆಗೆ ಏಳುತ್ತಿದ್ದಳು. ಸತ್ತ ಎಂಟು ವರ್ಷದ ಮೇಲೆ ಅಪ್ಪ ಮಗನಿಗೆ ಸಿಕ್ಕಿದ್ದ. ಅದಕ್ಕೆ ಏನು ತೆರಬೇಕೋ ಅದನ್ನು ಅವಳು ದಿನವೂ ಸ್ವಲ್ಪ ಸ್ವಲ್ಪ ತೆರುತ್ತಿದ್ದಳು.

ವರ್ಷ ತಿರುಗಿ ಮತ್ತೆ ನವಮಿ ಬಂತು. ಬೆಳಿಗ್ಗೆಯೇ ವಸಂತಕುಮಾರನ ಫೋನು. ಎಂಬತ್ತಾದರೂ ದನಿ ಹೋಟೆಲಿನ ಗಲ್ಲೆಯ ಮೇಲಿನದೇ.

“ಏನು ಜಲಜಾ, ಚಾಕಲೇಟಿಗೆ ಪೂಜೆ ಆಯ್ತಾ?”

“ಚಾಕಲೇಟು ಸರಿಯೇ ಇತ್ತು ಭಾವ,” ಎಂದಳು ಅವಳು. “ತಿಂದದ್ದು ನಾನು.”

ಅತ್ತ ಕಡೆಯಿಂದ ನಗು ಬರಲಿಲ್ಲ.

ಮಿಂದು ಬಂದು ಪೆಟ್ಟಿಗೆಯ ಮುಂದೆ ಕುಳಿತಳು. ಗಂಧ ತೇದು, ಮುಚ್ಚಳದ ಮೇಲೆ, ಹೊರಗಿನಿಂದ, ಒಂದೇ ಒಂದು ಬೊಟ್ಟು ಇಟ್ಟಳು. ಅದರ ಮೇಲೆ ಕುಂಕುಮ. ಎಂಟು ವರ್ಷದ ರೂಢಿಗೆ ಕೈ ತಾನಾಗಿ ಬೀಗದ ಕಡೆ ಹೋಯಿತು. ತಡೆದಳು. ಒಳಗೆ ಇನ್ನು ಹಾಳಾಗಲು ಏನೂ ಉಳಿದಿರಲಿಲ್ಲ. ಆದರೂ ತೆರೆಯಲಿಲ್ಲ. ಎದ್ದು ನಲ್ಲಿಯ ಬಳಿ ಹೋಗಿ, ಉಂಗುರದ ಬೆರಳಿನ ಕೆಂಪು ಹೋಗುವ ತನಕ ತಿಕ್ಕಿ ತಿಕ್ಕಿ ತೊಳೆದುಕೊಂಡಳು.